ಹೊಸ ಮನೆಗೆ ಬಂದು ಹತ್ತು ತಿಂಗಳು, ಅಮ್ಮ ಈಗ ಮತ್ತೆ ಹೆಪ್ಪು ಹಾಕುತ್ತಿದ್ದಾರೆ

ಏಳನೇ ಮಹಡಿ

ಮೊನ್ನೆ ಸಂಕ್ರಾಂತಿಗೆ ಈ ಮನೆಗೆ ಬಂದು ಹತ್ತು ತಿಂಗಳಾಯಿತು. ಹಬ್ಬದ ದಿನವೇ ಬರೆಯೋಣ ಅಂತ ಕೂತೆ, ಎಳ್ಳಿನ ಪೊಟ್ಟಣ ಕಟ್ಟುವುದರಲ್ಲೇ ಸಂಜೆಯಾಯಿತು.

ಹನುಮಂತನಗರದಲ್ಲಿ ನಾವು 27 ವರ್ಷ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಕೆಳಗಿನ ಮನೆ. ಹಿಂದೆ ಕರಿಬೇವಿನ ಮರ, ಮುಂದೆ ಎರಡು ಮೆಟ್ಟಿಲು, ಮೆಟ್ಟಿಲ ಮೇಲೆ ಅಮ್ಮ. ರಾಮಾಂಜನೇಯ ಗುಡ್ಡದ ಗಂಟೆ ಕೇಳಿದರೆ ಗಡಿಯಾರ ನೋಡುತ್ತಿರಲಿಲ್ಲ. 2024ರ ನವೆಂಬರ್‌ನಲ್ಲಿ ಅಪ್ಪ ತೀರಿಕೊಂಡರು. ಹದಿಮೂರನೇ ದಿನದ ಊಟ ಮುಗಿದು ಎರಡು ವಾರ ಆಗಿರಲಿಲ್ಲ, ಓನರ್ ಮಗ ಬಂದು ಜಾಗ ಬಿಲ್ಡರ್‌ಗೆ ಕೊಡುತ್ತಿದ್ದೇವೆ ಅಂದರು. ಕೆಟ್ಟವರೇನಲ್ಲ. ಮೂರು ತಿಂಗಳು ಟೈಮ್ ಕೊಟ್ಟರು. ಅಡ್ವಾನ್ಸ್ ಒಂದು ರೂಪಾಯಿ ಹಿಡಿಯದೆ ವಾಪಸ್ ಕೊಟ್ಟರು. ಆದರೆ ಅದು 1998ರ ಅಡ್ವಾನ್ಸ್. ಆ ದುಡ್ಡಿಗೆ ಈಗ ಒಂದು ತಿಂಗಳ ಬಾಡಿಗೆಯೂ ಬರಲಿಲ್ಲ.

2025ರ ಫೆಬ್ರವರಿಯಲ್ಲಿ ನನ್ನ ಕೆಲಸವೂ ಬದಲಾಯಿತು. ಜಯನಗರದಲ್ಲಿ ಆಫೀಸು. ಮೆಟ್ರೋ ಹತ್ತಿರ ಇರಲಿ ಅಂತ ಹಸಿರು ಲೈನ್ ಹಿಡಿದು ದಕ್ಷಿಣಕ್ಕೆ ಹುಡುಕುತ್ತಾ ಹೋದೆ. ಒಂದೊಂದು ಸ್ಟೇಷನ್ ದಾಟಿದ ಹಾಗೆ ಬಾಡಿಗೆ ಸ್ವಲ್ಪ ಇಳಿಯುತ್ತಿತ್ತು. ನಮ್ಮ ಕೈಗೆ ಎಟುಕಿದ್ದು ವಾಜರಹಳ್ಳಿಯಲ್ಲಿ, ನ್ಯಾಷನಲ್ ಕಾಲೇಜಿನಿಂದ ಹತ್ತನೇ ಸ್ಟೇಷನ್. (ಮನೆ ಗಟ್ಟಿಯಾದ ವಾರವೇ, ಫೆಬ್ರವರಿ 9ಕ್ಕೆ, ಮೆಟ್ರೋ ದರ ಏರಿತು. ನನ್ನ ಲೆಕ್ಕಾಚಾರದ ಹಣೆಬರಹವೇ ಅಷ್ಟು.)

ಅಪ್ಪ ಹೋಗಿ ವರ್ಷ ತುಂಬದ ಮನೆ ನಮ್ಮದು. ಗೃಹಪ್ರವೇಶದ ಮಾತೇ ಇಲ್ಲ. ಹಾಲು ಉಕ್ಕಿಸಿದೆವು, ಅಷ್ಟೇ. ಗ್ಯಾಸ್ ಇನ್ನೂ ಬಂದಿರಲಿಲ್ಲ, ಇಂಡಕ್ಷನ್ ಮೇಲಿಟ್ಟೆ. ಹಾಲು ಇನ್ನೇನು ಉಕ್ಕಬೇಕು, ಸ್ಟೌವ್ ಬೀಪ್ ಅಂತ ತಾನೇ ಆಫ್ ಆಯಿತು. ಉಕ್ಕಿ ಹರಿಯಬಾರದು ಅಂತ ಅದರಲ್ಲಿ ಸೆನ್ಸರ್ ಇದೆಯಂತೆ. ಅಮ್ಮ ನನ್ನ ಮುಖ ನೋಡಿದರು. ನಾನು ಮತ್ತೆ ಆನ್ ಮಾಡಿದೆ. ಮೂರನೇ ಸಲಕ್ಕೆ ಒಂದು ಅಂಚಿನಿಂದ ಸಣ್ಣಗೆ ಉಕ್ಕಿತು. "ಸಾಕು ಬಿಡು" ಅಂದರು.

ಒಂದು ವಾರಕ್ಕೆ ಯುಗಾದಿ. ಕಾರಿಡಾರ್ ತುಂಬ ಮಾವಿನ ತೋರಣ, ನಮ್ಮ ಬಾಗಿಲು ಮಾತ್ರ ಬೋಳು. ಯಾರಿಗೂ ಕಾರಣ ಗೊತ್ತಿಲ್ಲ. ಹಬ್ಬ ಮಾಡದ ಜನ ಅಂದುಕೊಂಡಿರಬೇಕು. ಆಮೇಲೆ ಗೌರಿ ಗಣೇಶ, ನವರಾತ್ರಿ, ದೀಪಾವಳಿ. ಎಲ್ಲದಕ್ಕೂ ಹಾಗೇ. ಹೊಸ ಜಾಗದಲ್ಲಿ ಜನರ ಪರಿಚಯ ಆಗುವುದೇ ಹಬ್ಬಗಳಲ್ಲಿ, ಅಲ್ವಾ? ನಮಗೆ ಸಿಕ್ಕ ಮೊದಲ ವರ್ಷ ಹಬ್ಬ ಇಲ್ಲದ ವರ್ಷ.

ಈಗ ಮೊಸರಿನ ವಿಷಯ. ನಮ್ಮ ಮನೆಯಲ್ಲಿ ಹೆಪ್ಪು ಹಾಕುತ್ತಿದ್ದದ್ದು ಅಪ್ಪ. ಅಡುಗೆಮನೆಯಲ್ಲಿ ಅವರು ಮಾಡುತ್ತಿದ್ದ ಕೆಲಸ ಅದೊಂದೇ. ರಾತ್ರಿ ವಾರ್ತೆ ಮುಗಿದ ಮೇಲೆ ಹಾಲಿಗೆ ಕಿರುಬೆರಳು ಅದ್ದಿ ನೋಡುವುದು, ಚಮಚದ ತುದಿಯಲ್ಲಿ ಹೆಪ್ಪು ಕದಡುವುದು, ಅಂಚು ಒಡೆದ ಬಿಳಿ ಪಿಂಗಾಣಿ ಜಾಡಿಗೆ ಸುರಿಯುವುದು. ಅವರು ಹೋದ ಮೇಲೆ ಹದಿಮೂರು ದಿನ ಯಾರೂ ಹೆಪ್ಪು ಹಾಕಲಿಲ್ಲ. ಅಲ್ಲಿಗೆ ಹೆಪ್ಪು ಕಡಿಯಿತು. ಆಮೇಲೆ ಪ್ಯಾಕೆಟ್ ಮೊಸರು. ಜಾಡಿಯನ್ನು ಹಳೆ ಪಂಚೆಯಲ್ಲಿ ಸುತ್ತಿ ತಂದೆವು, ಡಬ್ಬ ಬಿಚ್ಚದೆ ಅಟ್ಟದ ಮೇಲೇ ಇಟ್ಟೆವು.

ನವೆಂಬರ್‌ನಲ್ಲಿ ವರ್ಷಾಂತಿಕ ಮುಗಿಯಿತು. ಅದಾದ ವಾರಕ್ಕೆ ಲಿಫ್ಟ್ ರಿಪೇರಿ. ಅಮ್ಮ ಸೊಪ್ಪು ತಗೊಂಡು ಮೆಟ್ಟಿಲು ಹತ್ತುತ್ತಾ ನಾಲ್ಕನೇ ಮಹಡಿಯಲ್ಲಿ ಕೂತುಬಿಟ್ಟರು. ಅಲ್ಲಿ ಆಗಲೇ ಇನ್ನೊಬ್ಬರು ಕೂತಿದ್ದರು, ನಮ್ಮ ಮಹಡಿಯವರೇ, ಒಡಿಶಾದ ಅಜ್ಜಿ. ಅಮ್ಮನಿಗೆ ಹಿಂದಿ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಅರ್ಧ ಗಂಟೆ ಕೂತು ಏನು ಮಾತಾಡಿದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ಒಂದು ಹಿಡಿ ಕರಿಬೇವು ಕೊಟ್ಟರಂತೆ. ಮಾರನೇ ದಿನ ಆ ಅಜ್ಜಿ ಒಂದು ಸ್ಟೀಲ್ ಲೋಟದಲ್ಲಿ ಮೊಸರು ತಂದು ಕೊಟ್ಟರು. ಅಮ್ಮ ನಾಲಿಗೆಗೆ ಇಟ್ಟುಕೊಂಡು, "ಇದು ಪ್ಯಾಕೆಟ್‌ದಲ್ಲ ಕಣೇ" ಅಂದರು. ಎರಡು ಚಮಚ ತೆಗೆದಿಟ್ಟರು. ರಾತ್ರಿ ಹತ್ತಕ್ಕೆ ನನ್ನನ್ನು ಸ್ಟೂಲ್ ಹತ್ತಿಸಿ ಜಾಡಿ ಇಳಿಸಿಕೊಂಡರು.

ಮೊದಲ ಎರಡು ದಿನ ಹಿಡಿಯಲಿಲ್ಲ. ನೀರು ನೀರು. ಚಳಿ. ಮೂರನೇ ದಿನ ಜಾಡಿಯನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟರು. ಬೆಳಿಗ್ಗೆ ಬಗ್ಗಿಸಿದರೂ ಅಲುಗಾಡದ ಮೊಸರು.

ನಿಮಗೆಲ್ಲ ಹೊಸ ಮನೆ ಯಾವಾಗ ಮನೆ ಅನ್ನಿಸಿತು? ಸುಮ್ನೆ ಕೇಳುತ್ತಿದ್ದೇನೆ. ಹಾಗೇ ಎರಡು ಕೆಲಸದ ಪ್ರಶ್ನೆ. ಹಳೆ ಮನೆಯ ಗೃಹಜ್ಯೋತಿ ಇಲ್ಲಿಗೆ ಬರುತ್ತಾ? ಫ್ಲಶ್ ನೀರು ಕೆಲವು ದಿನ ಯಾಕೆ ನಾರುತ್ತದೆ?

ಬಾಡಿಗೆ ಬಾಬು

ಅಪ್ಪನ ವಿಷಯ ಓದಿ ಬೇಜಾರಾಯಿತು. ಕೆಲಸದ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಹನ್ನೊಂದು ವರ್ಷಕ್ಕೆ ಆರು ಮನೆ ಬದಲಿಸಿದವನು.

ಗೃಹಜ್ಯೋತಿ ಬರುತ್ತದೆ. ಮೊದಲು ಹಳೆ ಮನೆಯ ಆರ್‌ಆರ್ ನಂಬರ್‌ನಿಂದ ಆಧಾರ್ ಡಿ-ಲಿಂಕ್ ಮಾಡಬೇಕು, ಸೇವಾ ಸಿಂಧು ಪೋರ್ಟಲ್‌ನಲ್ಲಿ. ಆಮೇಲೆ ಹೊಸ ಆರ್‌ಆರ್ ನಂಬರ್‌ಗೆ ಅರ್ಜಿ. ಹಳೆ ಮನೆ ಒಡೆದು ಹಾಕಿದರೂ ಲಿಂಕ್ ತಾನಾಗಿ ಹೋಗಲ್ಲ. 2023ರಲ್ಲಿ ಸ್ಕೀಮ್ ಶುರುವಾದಾಗ ಈ ಡಿ-ಲಿಂಕ್ ಸೌಲಭ್ಯ ಇರಲಿಲ್ಲ, ಮನೆ ಬದಲಿಸಿದವರು ಸುಮ್ಮನೆ ಬಿಲ್ ಕಟ್ಟಿದರು. ನಾನೂ ಕಟ್ಟಿದೆ. ಒಂದು ನೆನಪಿಡಿ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ಇನ್ನೊಂದು. ಮಾರ್ಚ್‌ನಲ್ಲಿ ಬಂದಿರಿ ಅಂದರೆ 11 ತಿಂಗಳ ಅಗ್ರಿಮೆಂಟ್ ಫೆಬ್ರವರಿಗೆ ಮುಗಿಯುತ್ತದೆ. ಈಗಲೇ ಮಾತಾಡಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರಾದರೆ ರಿಜಿಸ್ಟರ್ ಮಾಡಿಸಲೇಬೇಕು, 1908ರ ನೋಂದಣಿ ಕಾಯ್ದೆ ಹಾಗೆ ಹೇಳುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಊರಿಗೆ ಊರೇ 11 ತಿಂಗಳು ಅಂತ ಬರೆಯುತ್ತದೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅಂತ ಅಗ್ರಿಮೆಂಟ್‌ನಲ್ಲೇ ಬರೆಸಿ. "ಒಂದು ತಿಂಗಳ ಬಾಡಿಗೆ" ಅಂತ ಬಾಯಲ್ಲಿ ಹೇಳಿ, ಹೋಗುವಾಗ ಎರಡು ಹಿಡಿದ ಓನರ್ ನನಗೆ ಸಿಕ್ಕಿದ್ದಾರೆ. ಗೋಡೆಗೆ ಒಂದು ಮೊಳೆ ಹೊಡೆದಿರಲಿಲ್ಲ ನಾನು. ಕ್ಯಾಲೆಂಡರ್ ಕೂಡ ಫ್ರಿಜ್‌ಗೆ ಅಂಟಿಸಿದ್ದೆ.

ಮನೆ ಅನ್ನಿಸಿದ್ದು ಯಾವಾಗ ಅಂತ ಕೇಳಿದಿರಿ. ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಖಾಲಿ ಮಾಡಿರುತ್ತೇನೆ.

ಗಾಂಧಿಬಜಾರ್ ಕಾಫಿ

ಹನುಮಂತನಗರದ ಆ ಮೆಟ್ಟಿಲು ಓದಿ ಹೊಟ್ಟೆ ಕಿವುಚಿತು. ನಮ್ಮ ರಸ್ತೆಯಲ್ಲೂ ಈ ಐದು ವರ್ಷದಲ್ಲಿ ಅಂಥ ಎಷ್ಟೋ ಮನೆ ಹೋದವು. ಕಾಂಪೌಂಡ್, ಬಾವಿ, ನಂದಬಟ್ಟಲು ಗಿಡ, ಎಲ್ಲ ಸೇರಿ ಒಂದು ಸ್ಟಿಲ್ಟ್ ಪಾರ್ಕಿಂಗ್ ಆಗುತ್ತದೆ. ಅಪಾರ್ಟ್‌ಮೆಂಟ್ ಅಂದರೆ ಲಾಕರ್ ಇದ್ದ ಹಾಗೆ. ಒಳಗೆ ಇಡುತ್ತಾರೆ, ಬೀಗ ಹಾಕುತ್ತಾರೆ. ನಿಮ್ಮ ತಾಯಿಗೆ ಪರಿಚಯ ಆಗಲು ಲಿಫ್ಟ್ ಕೆಡಬೇಕಾಯಿತು ನೋಡಿ. ನಮ್ಮ ಹಳೆ ವಠಾರಗಳಲ್ಲಿ ಹೆಪ್ಪು ಕಡಿಯುವ ಪ್ರಶ್ನೆಯೇ ಇರಲಿಲ್ಲ. ಗೋಡೆ ಮೇಲೆ ಬಟ್ಟಲು ಇಟ್ಟರೆ ತುಂಬಿ ಬರುತ್ತಿತ್ತು.

ವಠಾರದ ಮಗಳು

ಕಾಫಿ ಸರ್, ಗೋಡೆ ಮೇಲಿನ ಬಟ್ಟಲು ನಮಗೂ ತುಂಬಿ ಬರುತ್ತಿತ್ತಾ ಅಂತ ಒಂದು ಸಲ ಕೇಳಿ.

ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಎಂಟು ಮನೆಗೆ ಎರಡು ಕಕ್ಕಸು. ನನಗೆ ತಿಂಗಳ ರಜೆ ಅಂತ ಎಂಟೂ ಮನೆಗೆ ಗೊತ್ತಾಗುತ್ತಿತ್ತು. ರಾತ್ರಿ ಅಪ್ಪ ಅಮ್ಮ ಜಗಳ ಆಡಿದರೆ ಬೆಳಿಗ್ಗೆ ನಲ್ಲಿ ಹತ್ತಿರ ನನಗೆ ಸಮಾಧಾನ ಹೇಳುತ್ತಿದ್ದರು, ಅದೂ ಸಣ್ಣ ನಗು ಇಟ್ಟುಕೊಂಡು. ಆ ವಠಾರ ಸಿಗುವುದಕ್ಕೂ ಮುಂಚೆ ಅಪ್ಪ ಎಷ್ಟು ಕಡೆ ಅಲೆದರೋ. "ಟು ಲೆಟ್" ಬೋರ್ಡ್ ನೋಡಿ ಒಳಗೆ ಹೋದರೆ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಕೊಡುತ್ತೀರಿ ಅಂತ ಅಲ್ಲ. "ನೀವು ಯಾವ ಜನ?" ಅಂತ. ಉತ್ತರ ಕೇಳಿದ ಮೇಲೆ, "ಈಗಷ್ಟೇ ಬೇರೆಯವರಿಗೆ ಅಂತ ಮಾತಾಯ್ತು" ಅನ್ನುವರು. ಬೋರ್ಡ್ ಇನ್ನೂ ಒಂದು ತಿಂಗಳು ಅಲ್ಲೇ ತೂಗುತ್ತಿತ್ತು.

ನಾನು ಈಗ ಯಲಚೇನಹಳ್ಳಿ ಹತ್ತಿರ ಒಂದು ಫ್ಲಾಟಿನಲ್ಲಿ ಇದ್ದೇನೆ. ಲೋನ್ ಇನ್ನೂ 14 ವರ್ಷ ಇದೆ. ಮನೆ ಅನ್ನಿಸಿದ್ದು ಮೊದಲ ರಾತ್ರಿಯೇ. ಬಾಗಿಲು ಹಾಕಿದೆ, ಯಾರಿಗೂ ಏನೂ ಕೇಳಿಸಲಿಲ್ಲ. ಹಾಲ್‌ನಲ್ಲಿ ಗೋಡೆಗೊರಗಿ ಕೂತು ಮೊಟ್ಟೆ ಸಾರು ಅನ್ನ ಉಂಡೆ. ವಾಸನೆ ಹಿಡಿದು ಯಾರೂ ಬರಲಿಲ್ಲ.

ಗಾಂಧಿಬಜಾರ್ ಕಾಫಿ

ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ತಾತನೇ ಆ ಪ್ರಶ್ನೆ ಕೇಳುತ್ತಿದ್ದರು. ಜಗಲಿ ಮೇಲೆ ಕೂತು ಕೇಳುತ್ತಿದ್ದದ್ದು ನನಗೆ ನೆನಪಿದೆ.

ಆದರೂ ಒಂದು ಮಾತು ಹೇಳಿಬಿಡುತ್ತೇನೆ, ವಾದಕ್ಕಲ್ಲ. ಬಸವನಗುಡಿ, ಮಲ್ಲೇಶ್ವರ ಎರಡೂ 1898ರ ಪ್ಲೇಗ್ ಸಮಯದಲ್ಲಿ ಬೆಳೆದ ಬಡಾವಣೆಗಳು. ಪೇಟೆಯ ಇಕ್ಕಟ್ಟು ಬಿಟ್ಟು ಗಾಳಿ ಬೆಳಕು ಹುಡುಕಿ ಬಂದವರಿಗೆ ಕಟ್ಟಿದ್ದು. ಅಂದರೆ ನಾವು "ಹಳೆ ಬೆಂಗಳೂರು" ಅಂತ ಅಳುವುದೂ ಒಂದು ಕಾಲದಲ್ಲಿ ಊರಾಚೆಯ ಹೊಸ ಲೇಔಟೇ. ಏಳನೇ ಮಹಡಿಯವರೇ, ನಿಮ್ಮ ವಾಜರಹಳ್ಳಿಯ ಬಗ್ಗೆಯೂ ಯಾರಾದರೂ ನೂರು ವರ್ಷ ಬಿಟ್ಟು ಹೀಗೇ ಅಳಬಹುದು.

ಎಸ್‌ಟಿಪಿ ಸೆಕ್ರೆಟರಿ

ಫ್ಲಶ್ ವಾಸನೆಗೆ ಉತ್ತರ ನಾನು ಕೊಡಬೇಕು. ಎರಡು ವರ್ಷದಿಂದ ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಸೆಕ್ರೆಟರಿ. ಯಾರೂ ನಿಲ್ಲಲಿಲ್ಲ ಅಂತ ನನ್ನನ್ನು ನಿಲ್ಲಿಸಿದರು, ಮೀಟಿಂಗ್‌ಗೆ ತಡವಾಗಿ ಹೋದದ್ದೇ ನನ್ನ ತಪ್ಪು.

ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಸ್ನಾನದ, ಪಾತ್ರೆಯ, ಕಕ್ಕಸಿನ ನೀರೆಲ್ಲ ಬೇಸ್‌ಮೆಂಟಿನ ಎಸ್‌ಟಿಪಿಗೆ, ಅಂದರೆ ಕೊಳೆ ನೀರು ಶುದ್ಧ ಮಾಡುವ ಘಟಕಕ್ಕೆ, ಹೋಗುತ್ತದೆ. ಅಲ್ಲಿ ದೊಡ್ಡ ತೊಟ್ಟಿಗೆ ಬ್ಲೋವರ್‌ನಿಂದ ಗಾಳಿ ಊದುತ್ತಾರೆ. ಗಾಳಿ ಸಿಕ್ಕರೆ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಬದುಕುತ್ತವೆ. ಆ ನೀರನ್ನೇ ಸೋಸಿ ಬೇರೆ ಪೈಪಿನಲ್ಲಿ ಫ್ಲಶ್‌ಗೆ, ಗಿಡಕ್ಕೆ ಕಳಿಸುವುದು. ಕರೆಂಟ್ ಬಿಲ್ ಉಳಿಸೋಣ ಅಂತ ಯಾರಾದರೂ ರಾತ್ರಿ ಬ್ಲೋವರ್ ಆಫ್ ಮಾಡಿದರೆ ಬೆಳಿಗ್ಗೆ ಏಳನೇ ಮಹಡಿಗೂ ಗೊತ್ತಾಗುತ್ತದೆ. ಒಂದು ತರಹ ನಿಮ್ಮ ಮೊಸರಿನ ಕತೆಯೇ. ಜೀವ ಇರುವ ವಸ್ತು, ನೋಡಿಕೊಳ್ಳದಿದ್ದರೆ ಕೆಡುತ್ತದೆ. (ಅಮ್ಮನಿಗೆ ಈ ಹೋಲಿಕೆ ಹೇಳಬೇಡಿ.)

ನಿಮ್ಮಲ್ಲಿ ಕುಡಿಯುವ ನೀರು ಯಾವುದು? ಕಾವೇರಿ 5ನೇ ಹಂತ 2024ರ ಅಕ್ಟೋಬರ್ 16ಕ್ಕೆ ಶುರುವಾಯಿತು, ಊರಂಚಿನ 110 ಹಳ್ಳಿಗಳ ಕಡೆಗೆ ದಿನಕ್ಕೆ 77.5 ಕೋಟಿ ಲೀಟರ್. ಆದರೆ ಮನೆ ಮುಂದೆ ಪೈಪ್ ಬಂದರೆ ನೀರು ಬಂದ ಹಾಗಲ್ಲ. ಅಪಾರ್ಟ್‌ಮೆಂಟ್ ದುಡ್ಡು ಕಟ್ಟಿ ಕನೆಕ್ಷನ್ ತೆಗೆದುಕೊಳ್ಳಬೇಕು, ಆ ದುಡ್ಡಿಗೆ ಮೀಟಿಂಗ್‌ನಲ್ಲಿ ಮೂರು ತಿಂಗಳು ಜಗಳ ಆಗಬೇಕು. 2024ರ ಬೇಸಿಗೆ ನೆನಪಿದೆಯಾ? ಮಾರ್ಚ್‌ನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಆ ಬೇಸಿಗೆಯಲ್ಲಿ ರಾತ್ರಿ ಎರಡಕ್ಕೆ ಟ್ಯಾಂಕರ್ ಡ್ರೈವರ್ ಫೋನ್ ಬಂದರೆ ಸ್ವಂತ ಮಗ ಫೋನ್ ಮಾಡಿದ ಹಾಗೆ ಎದ್ದು ಓಡುತ್ತಿದ್ದೆ.

ನಿಮ್ಮ ಕನಕಪುರ ರಸ್ತೆಯ ವಿಶೇಷ ಏನು ಗೊತ್ತಾ? ತೊರೆಕಾಡನಹಳ್ಳಿಯಿಂದ ಹೊರಟ ಕಾವೇರಿ ಹಾರೋಹಳ್ಳಿಯಲ್ಲಿ ಒಂದು ಸಲ, ತಾತಗುಣಿಯಲ್ಲಿ ಒಂದು ಸಲ ಪಂಪ್ ಆಗಿ ಊರಿಗೆ ಬರುತ್ತದೆ. ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ. ಹನುಮಂತನಗರದಲ್ಲಿ ನೀವು 27 ವರ್ಷ ಕುಡಿದ ಕಾವೇರಿ ನಿಮ್ಮ ಈಗಿನ ಮನೆಯ ದಿಕ್ಕಿನಿಂದಲೇ ಬರುತ್ತಿದ್ದದ್ದು.

ಏಳನೇ ಮಹಡಿ

ಸೆಕ್ರೆಟರಿ ಸರ್, ಕೊನೆಯ ಸಾಲು ಅಮ್ಮನಿಗೆ ಓದಿ ಹೇಳಿದೆ. "ಹಾಗಾದ್ರೆ ನೀರಿನ ಹತ್ರಾನೇ ಬಂದಿದೀವಿ" ಅಂದರು. ಎಸ್‌ಟಿಪಿ ಹೋಲಿಕೆ ಓದಲಿಲ್ಲ. ನಮ್ಮಲ್ಲಿ ಅರ್ಧ ಬೋರ್‌ವೆಲ್, ಅರ್ಧ ಕಾವೇರಿ. ಬೋರ್ ನೀರಿಗೆ ಬೇಳೆ ಬೇಯಲ್ಲ ಅನ್ನುವುದು ಬಂದ ದಿನದಿಂದ ಅಮ್ಮನ ದೂರು. ಎರಡು ವಿಸಿಲ್ ಜಾಸ್ತಿ ಕೂಗಿಸಬೇಕು.

ವಠಾರದ ಮಗಳು ಬರೆದದ್ದನ್ನು ಎರಡು ಸಲ ಓದಿದೆ. ಹನುಮಂತನಗರದ ಮನೆ ನಮಗೆ ಅಷ್ಟು ಸಲೀಸಾಗಿ ಹೇಗೆ ಸಿಕ್ಕಿತು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಅಪ್ಪನ ಹೆಸರು ಕೇಳಿದ ಕೂಡಲೇ ಕೀ ಕೊಟ್ಟರಂತೆ. ಇದನ್ನು ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆವು.

ಕಲಬುರ್ಗಿ ಬಿಸಿಲು

ನಾನು ಸುಮ್ನೆ ಓದಿ ಹೋಗುವವನು. ಮೊಸರು ಅಂದ ಕೂಡಲೇ ನಿಂತೆ.

ನಾಲ್ಕು ವರ್ಷ ಪಿಜಿಯಲ್ಲಿದ್ದೆ. ಒಂದು ರೂಮಿಗೆ ಮೂರು ಮಂಚ. ಹೋದ ವರ್ಷ ಕೆಂಗೇರಿಯಲ್ಲಿ ಒಂದು ಬೆಡ್‌ರೂಮಿನ ಮನೆ ಹಿಡಿದೆ. ಬ್ಯಾಚುಲರ್‌ಗೆ ಕೊಡಲ್ಲ ಅಂತ ಒಂಬತ್ತು ಕಡೆ ವಾಪಸ್ ಕಳಿಸಿದರು. ಹತ್ತನೇ ಓನರ್ ಅಜ್ಜಿ ಒಬ್ಬರೇ ಇರುತ್ತಾರೆ. "ರಾತ್ರಿ ಏನಾದ್ರೂ ಆದ್ರೆ ಕರೆದ್ರೆ ಬರ್ತೀಯಾ?" ಅಂತ ಕೇಳಿದರು. "ಬರ್ತೀನ್ರಿ" ಅಂದೆ. ಅಷ್ಟೇ ಇಂಟರ್‌ವ್ಯೂ.

ಊರಿಂದ ಅವ್ವ ಬಂದಾಗ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ರೊಟ್ಟಿ ಬಡಿಯಲಿಕ್ಕೆ ಒಂದು ಮರದ ಕೊಣಮಿಗೆ, ಎಲ್ಲ ತಂದಳು. ಬೆಳಿಗ್ಗೆ ಆರಕ್ಕೆ ರೊಟ್ಟಿ ಬಡಿಯಲು ಶುರು ಮಾಡಿದಳು. ಕೆಳಗಿನ ಮನೆಯವರು ಗೋಡೆ ಒಡೆಯುತ್ತಿದ್ದಾರೆ ಅಂದುಕೊಂಡು ಓಡಿ ಬಂದರು. ಅವ್ವ ಅವರ ಕೈಗೆ ಬಿಸಿ ರೊಟ್ಟಿ ಕೊಟ್ಟಳು. ಮುಂದಿನ ವಾರ ಅವರೇ ಬಂದು, "ನಿಮ್ಮಮ್ಮ ಮತ್ತೆ ಯಾವಾಗ ಬರ್ತಾರೆ?" ಅಂತ ಕೇಳಿದರು. ನನಗೆ ಮನೆ ಅನ್ನಿಸಿದ್ದು ಆ ದಿನ.

ಆದರೆ ಮೊಸರು ಮಾತ್ರ ನನಗೆ ಹಿಡಿಯುತ್ತಿಲ್ಲ. ಕಲಬುರ್ಗಿಯಲ್ಲಿ ಹಾಲು ಇಟ್ಟು ಆ ಕಡೆ ತಿರುಗಿದರೆ ಮೊಸರು. ಇಲ್ಲಿ ಬೆಳಗಾದರೂ ಹಾಲು ಹಾಲೇ.

ಬಾಡಿಗೆ ಬಾಬು

ಕೆಂಪು ಒಣಮೆಣಸಿನಕಾಯಿ ತೊಟ್ಟು ಹಾಕಿ ನೋಡಿ. ಹೆಪ್ಪೇ ಬೇಡ ಅನ್ನುತ್ತಾರೆ.

ವಠಾರದ ಮಗಳು

ತೊಟ್ಟಿನ ಮೊಸರು ಮೊದಲ ದಿನ ಲೋಳೆಯಾಗುತ್ತದೆ, ತಿನ್ನಲು ಆಗಲ್ಲ. ಅದನ್ನೇ ಹೆಪ್ಪು ಮಾಡಿ ಎರಡು ಮೂರು ದಿನ ಮುಂದುವರಿಸಿದರೆ ಒಂದು ಹದಕ್ಕೆ ಬರುತ್ತದೆ. ನಮ್ಮ ವಠಾರದಲ್ಲಿ ನನ್ನ ಅಮ್ಮ ಮಾಡುತ್ತಿದ್ದದ್ದು ಹಾಗೆಯೇ. ಯಾಕೆ ಅಂತ ನಿಮಗೆ ಅರ್ಥ ಆಗಿರಬೇಕು. ಬೇರೆಯವರ ಬಾಗಿಲಲ್ಲಿ ನಿಂತು ಕೇಳುವ ಬದಲು ತೊಟ್ಟು.

ಹಾಲು ಬಿಸಿ ಜಾಸ್ತಿ ಇದ್ದರೂ ಹಿಡಿಯಲ್ಲ, ಹೆಪ್ಪು ಸಾಯುತ್ತದೆ. ಬೆರಳು ಇಟ್ಟರೆ ಬೆಚ್ಚಗಿರಬೇಕು, ಚುರುಕ್ ಅನ್ನಬಾರದು. ಸುಮಾರು 40 ಡಿಗ್ರಿ. ಜನವರಿಯಲ್ಲಿ ಆ ಬಿಸಿ ಒಂದು ಗಂಟೆಯೂ ನಿಲ್ಲಲ್ಲ, ಅದಕ್ಕೇ ಅಕ್ಕಿ ಡಬ್ಬ. ಇಲ್ಲದಿದ್ದರೆ ಹಳೆ ಸ್ವೆಟರ್ ಸುತ್ತಿ.

ಗಾಂಧಿಬಜಾರ್ ಕಾಫಿ

ಏಳನೇ ಮಹಡಿಯವರೇ, ಈ ಸಲ ಕಡಲೆಕಾಯಿ ಪರಿಷೆಗೆ ಅಮ್ಮ ಬಂದಿದ್ದರಾ?

ಏಳನೇ ಮಹಡಿ

ಬಂದಿದ್ದರು. ಕಾರ್ತಿಕದ ಕೊನೆ ಸೋಮವಾರ. ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜಿಗೆ ಹೋಗಿ ಅಲ್ಲಿಂದ ನಡೆದೆವು. ಎರಡು ಸೇರು ಕಡಲೆಕಾಯಿ ತಗೊಂಡರು. ವಾಪಸ್ ಬರುವಾಗ ಹಳೆ ರಸ್ತೆಗೆ ಹೋಗೋಣ್ವಾ ಅಂತ ನಾನೇ ಕೇಳಿದೆ. ಮನೆ ಇದ್ದ ಜಾಗದಲ್ಲಿ ಹಸಿರು ಬಲೆ ಕಟ್ಟಿದ್ದಾರೆ, ನಾಲ್ಕನೇ ಸ್ಲ್ಯಾಬ್ ಹಾಕುತ್ತಿದ್ದರು. ಕರಿಬೇವಿನ ಮರ ಇಲ್ಲ. ಅಮ್ಮ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಮೂಲೆಯ ಇಸ್ತ್ರಿ ಅಂಗಡಿಯವರು ಗುರುತು ಹಿಡಿದು ಅಪ್ಪನದು ಒಂದು ಬಿಳಿ ಶರ್ಟ್ ತೆಗೆದುಕೊಟ್ಟರು. ಇಸ್ತ್ರಿ ಮಾಡಿ, ಮಡಿಸಿ, ಪೇಪರ್ ಸುತ್ತಿ ವರ್ಷದಿಂದ ಇಟ್ಟುಕೊಂಡಿದ್ದರು. ದುಡ್ಡು ಕೊಡಲು ಹೋದೆ. "ಅವ್ರು ಆಗ್ಲೇ ಕೊಟ್ಟಿದ್ರು" ಅಂದರು.

ಆ ಶರ್ಟ್ ಏನು ಮಾಡಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ. ಬೀರುವಿನಲ್ಲಿದೆ.

ಕರಿಬೇವಿನ ಬಗ್ಗೆ ಯಾರೋ ಕೇಳುವ ಮುಂಚೆ ಹೇಳುತ್ತೇನೆ. ಒಡಿಶಾದ ಅಜ್ಜಿಗೆ ಅಮ್ಮ ಕೊಟ್ಟದ್ದು ತರಕಾರಿ ಗಾಡಿಯಿಂದ ಕೊಸರು ಕೇಳಿ ತಂದದ್ದು. ಬಾಲ್ಕನಿಯಲ್ಲಿ ಈಗ ಒಂದು ಸಸಿ ಇದೆ, ತುರಹಳ್ಳಿ ಕಾಡಿನ ಕಡೆಗೆ ಮುಖ ಮಾಡಿ. ಗೇಣುದ್ದ. ಒಗ್ಗರಣೆಗೆ ಕಿತ್ತರೆ ಗಿಡವೇ ಮುಗಿಯುತ್ತದೆ. ಬೆಳಗಿನ ಜಾವ ಆ ಕಡೆಯಿಂದ ನವಿಲು ಕೂಗುವುದು ಕೇಳುತ್ತದೆ. ಮೊದಲ ವಾರ ಅಮ್ಮ ಅದನ್ನು ಯಾರದೋ ಮಗು ಅಳುತ್ತಿದೆ ಅಂದುಕೊಂಡು ಸೆಕ್ಯೂರಿಟಿಗೆ ಫೋನ್ ಮಾಡಿಸಿದ್ದರು.

ಎಸ್‌ಟಿಪಿ ಸೆಕ್ರೆಟರಿ

ಆ ಫೋನ್ ತೆಗೆದುಕೊಂಡ ಸೆಕ್ಯೂರಿಟಿಯ ಕಷ್ಟ ನನಗೆ ಗೊತ್ತು.

ಅಡ್ರೆಸ್ ಬದಲಿಸಿದಿರಾ? 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿವೆ. ನಮ್ಮ ಆಫೀಸ್ ಫೈಲುಗಳ ಮೇಲೆ ಬಿಬಿಎಂಪಿ ಅಂತ ಬರೆದ ಸ್ಟಿಕ್ಕರ್ ಇನ್ನೂ ಎರಡು ಕಟ್ಟು ಉಳಿದಿವೆ.

ಏಳನೇ ಮಹಡಿ

ನನ್ನದು ಬದಲಾಯಿತು. ಅಮ್ಮನ ಆಧಾರ್‌ನಲ್ಲಿ ಇನ್ನೂ ಹನುಮಂತನಗರ. ಎರಡು ಸಲ ಫಾರಂ ತಂದಿದ್ದೇನೆ. "ಮಾಡಿಸೋಣ, ಅವಸರ ಏನು" ಅನ್ನುತ್ತಾರೆ. ಬಾಬು ಅವರೇ, ಗೃಹಜ್ಯೋತಿ ಅಮ್ಮನ ಹೆಸರಲ್ಲೇ ಇತ್ತು. ಡಿ-ಲಿಂಕ್ ಮಾಡಲು ಒಟಿಪಿ ಕೇಳಿದರೆ ಕೊಡುತ್ತಾರೋ ಇಲ್ಲವೋ ನೋಡಬೇಕು.

ಹೋದ ವಾರ ಒಡಿಶಾದ ಅಜ್ಜಿ ಮನೆಯವರು ಊರಿಂದ ವಾಪಸ್ ಬಂದರು. ಹದಿನೈದು ದಿನ ಬೀಗ. ಅವರ ಹೆಪ್ಪು ಕೆಟ್ಟಿತ್ತು. ಬಂದ ಸಂಜೆಯೇ ಅದೇ ಸ್ಟೀಲ್ ಲೋಟ ಹಿಡಿದು ಬಾಗಿಲಿಗೆ ಬಂದರು. ಅಮ್ಮ ಲೋಟ ತುಂಬಿಸಿ, ಮೇಲೆ ಎಳ್ಳಿನ ಪೊಟ್ಟಣ ಇಟ್ಟು ಕೊಟ್ಟರು. ಒಂಬತ್ತು ಮನೆಗೆ ಎಳ್ಳು ಬೀರಿದೆವು ಈ ಸಲ. ಒಂದು ಮನೆಯವರು ಪ್ಯಾಕೆಟ್ ತಿರುಗಿಸಿ ನೋಡಿ, ಇದನ್ನು ಬೇಯಿಸಬೇಕಾ ಅಂತ ಕೇಳಿದರು.

ಕಲಬುರ್ಗಿ ಬಿಸಿಲು

ಅಕ್ಕಾರ, ಕೇಳಲಿಕ್ಕೆ ನಾಚಿಕೆ ಆಗುತ್ತದೆ. ತೊಟ್ಟು, ಸ್ವೆಟರ್ ಎರಡೂ ಮಾಡಿ ನೋಡಿದೆ. ಆಗಲಿಲ್ಲ. ಒಂದು ಚಮಚ ಹೆಪ್ಪು ಕೊಡುತ್ತೀರಾ? ನಾನು ನೇರಳೆ ಲೈನ್, ನೀವು ಹಸಿರು. ಮೆಜೆಸ್ಟಿಕ್‌ನಲ್ಲಿ ಸಿಗಬಹುದು.

ಏಳನೇ ಮಹಡಿ

ಶನಿವಾರ ಹನ್ನೊಂದಕ್ಕೆ ಬನ್ನಿ. ಅಮ್ಮನೇ ಬರುತ್ತಾರಂತೆ. ಹಾಲು ಕಾಯಿಸಿ ಆರಿಸಲು ಇಟ್ಟೇ ಮನೆ ಬಿಡಬೇಕಂತೆ ನೀವು, ವಾಪಸ್ ಹೋದ ಕೂಡಲೇ ಹಾಕಲು. ಡಬ್ಬಿಯ ಮುಚ್ಚಳ ಬಿಗಿ ಇದೆ, ಓರೆ ಮಾಡದೆ ಹಿಡಿದುಕೊಂಡು ಹೋಗಿ. ಡಬ್ಬಿ ವಾಪಸ್ ಬೇಕು, ಖಾಲಿ ಡಬ್ಬಿ ಕೊಡಬಾರದು ಅಂತಲೂ ಹೇಳುತ್ತಿದ್ದಾರೆ. ಶೇಂಗಾ ಚಟ್ನಿಪುಡಿ ಅಂತ ನೀವು ಬರೆದದ್ದನ್ನು ಓದಿ ಹೇಳಿದ್ದು ನನ್ನದೇ ತಪ್ಪು.